ಆಕಾಶದಲ್ಲೂ ಒಂದು ಸರತಿ ಸಾಲು

ಮಂಜು ಕವಿದಿದೆ, ವಿಮಾನ ತಡವಾಗಿ ಹೊರಡಲಿದೆ ಎಂಬ ಪ್ರಕಟಣೆ ಕೇಳಿದಾಗ ನಾವು ಗೊಣಗುತ್ತೇವೆ. 'ಈಗ ಹಾರುವುದಿಲ್ಲ' ಎಂದು ಹೇಳುವ ಧೈರ್ಯ ಪೈಲಟ್‌ಗೆ ಎಲ್ಲಿಂದ ಬಂತೆಂದು ಯೋಚಿಸುವುದಿಲ್ಲ. ಆ ಧೈರ್ಯದ ಹಿಂದೆ ಸಂಬಳ ಮತ್ತು ಸೇವಾ ಹಿರಿತನಕ್ಕಾಗಿ ನಡೆದ ದೀರ್ಘ ಹೋರಾಟವಿದೆ.

ಅಮೆರಿಕದ ಅಂಚೆ ಇಲಾಖೆ 1918ರಲ್ಲಿ ವಿಮಾನದ ಮೂಲಕ ಟಪಾಲು ಸಾಗಿಸತೊಡಗಿತು. ಮರುವರ್ಷದ ಜುಲೈಯಲ್ಲಿ, ಮಂಜಿನಲ್ಲಿ ಹಾರಲು ಒಪ್ಪದ ಇಬ್ಬರು ಪೈಲಟ್‌ಗಳನ್ನು ವಜಾ ಮಾಡಲಾಯಿತು. ಸಂಗಡಿಗರು ಮುಷ್ಕರ ಹೂಡಿದರು. ಹೋಗುವ ಜೀವ ಪೈಲಟ್‌ನದು, ಹುಕುಂ ಮಾತ್ರ ನೆಲದ ಮೇಲೆ ಕುರ್ಚಿಯಲ್ಲಿ ಕುಳಿತವರದು. ತಕರಾರು ಇದೇ ಆಗಿತ್ತು.

1931ರಲ್ಲಿ ಡೇವಿಡ್ ಬೆಂಕೆ ಎಂಬ ಪೈಲಟ್‌ನ ನೇತೃತ್ವದಲ್ಲಿ ಷಿಕಾಗೋದಲ್ಲಿ ಪೈಲಟ್‌ಗಳ ಸಂಘ ಹುಟ್ಟಿತು. ಮರುವರ್ಷವೇ ಸೆಂಚುರಿ ಏರ್‌ಲೈನ್ಸ್‌ನ ಮಾಲೀಕ ಇ. ಎಲ್. ಕಾರ್ಡ್ ತಿಂಗಳ ಸಂಬಳವನ್ನು 350 ಡಾಲರಿನಿಂದ 150ಕ್ಕೆ ಇಳಿಸಲು ಹೊರಟಾಗ ಸಂಘ ಎದುರು ನಿಂತಿತು. 1934ರಲ್ಲಿ ರಾಷ್ಟ್ರೀಯ ಕಾರ್ಮಿಕ ಮಂಡಳಿಯ 83ನೇ ತೀರ್ಪು ಬಂತು. ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ. ಮೂಲ ವೇತನದ ಜೊತೆಗೆ ಹಾರಾಟದ ಗಂಟೆಗಳಿಗೆ ಪ್ರತ್ಯೇಕ ಹಣ. 1938ರ ಕಾನೂನು ಇದಕ್ಕೆ ಮುದ್ರೆ ಒತ್ತಿತು.

ರೈಲ್ವೆ ಕಾರ್ಮಿಕರಿಂದ ಬಂದ ಸೇವಾ ಹಿರಿತನವೂ ಇದರ ಜೊತೆ ಬೇರೂರಿತು. ಅಲ್ಲಿ ಪೈಲಟ್ ಕೆಲಸಕ್ಕೆ ಸೇರಿದ ದಿನವೇ ಪಟ್ಟಿಯಲ್ಲಿ ಅವನ ಸ್ಥಾನವನ್ನು ನಿರ್ಧರಿಸುತ್ತದೆ. ದೊಡ್ಡ ವಿಮಾನ, ಕ್ಯಾಪ್ಟನ್ ಹುದ್ದೆ, ಒಳ್ಳೆಯ ಮಾರ್ಗ, ಹಬ್ಬದ ರಜೆ, ಎಲ್ಲವನ್ನೂ ಆ ಸ್ಥಾನದ ಪ್ರಕಾರವೇ ಆರಿಸಿಕೊಳ್ಳಬೇಕು. ಕೆಲಸ ಕಡಿತವಾದರೆ ಕೊನೆಗೆ ಬಂದವನು ಮೊದಲು ಹೊರಗೆ. ಮೇಲಧಿಕಾರಿಯ ಮರ್ಜಿಗೆ ಇಲ್ಲಿ ಜಾಗ ಕಡಿಮೆ. ಆದ್ದರಿಂದಲೇ ಮಂಜಿನಲ್ಲಿ 'ಆಗದು' ಎಂದವನ ಬಡ್ತಿ ತಪ್ಪುವುದಿಲ್ಲ.

ಆದರೆ ಸಾಲಿಗೆ ಸೇರಿಸಿಕೊಂಡರೆ ತಾನೆ ಸಾಲಿನ ನ್ಯಾಯ? ವಾಯುಪಡೆಯಲ್ಲಿದ್ದ ಮಾರ್ಲನ್ ಗ್ರೀನ್ 1957ರಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್‌ಗೆ ಅರ್ಜಿ ಹಾಕಿದರು. ಅವರಿಗಿಂತ ಕಡಿಮೆ ಅನುಭವದ ಬಿಳಿಯರಿಗೆ ಕೆಲಸ ಸಿಕ್ಕಿತು, ಕರಿಯರಾದ ಗ್ರೀನ್‌ಗೆ ಸಿಗಲಿಲ್ಲ. 1963ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ವಿಮಾನ ಏರಿದ್ದು 1965ರಲ್ಲಿ. ಹಿರಿತನವೇ ಎಲ್ಲವೂ ಆಗಿರುವಲ್ಲಿ ಎಂಟು ವರ್ಷ ಬಾಗಿಲ ಹೊರಗೆ ಕಾಯುವುದೆಂದರೆ ಏನೆಂದು ಓದುಗರೇ ಊಹಿಸಲಿ.

ಇನ್ನೊಂದು ಕೊರತೆಯೂ ಇದೆ. ಪಟ್ಟಿಯ ಬೆಲೆ ಆಯಾ ಕಂಪೆನಿಯ ಗೋಡೆಯೊಳಗೆ ಮಾತ್ರ. 2001ರಲ್ಲಿ ಟಿಡಬ್ಲ್ಯೂಎ ಕಂಪೆನಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡಾಗ, ಸಾವಿರಕ್ಕೂ ಹೆಚ್ಚು ಪೈಲಟ್‌ಗಳು ಹೊಸ ಪಟ್ಟಿಯ ತಳಕ್ಕೆ ಬಿದ್ದರು. ಅದೇ ಸೆಪ್ಟೆಂಬರಿನ ದಾಳಿಯ ನಂತರ ಕೆಲಸ ಕಡಿತ ಶುರುವಾದಾಗ ಮೊದಲ ಏಟು ಬಿದ್ದದ್ದು ತಳದಲ್ಲಿದ್ದವರಿಗೆ. ವಿಲೀನದಲ್ಲಿ ಪಟ್ಟಿಗಳನ್ನು ನ್ಯಾಯಯುತವಾಗಿ ಬೆಸೆಯಬೇಕೆಂಬ ಕಾನೂನು 2007ರಲ್ಲಿ ಬಂತು. ಅದೇ ವರ್ಷ ನಮ್ಮ ದೇಶದಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು; ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಎಂಬ ಜಗಳ 2012ರಲ್ಲಿ 58 ದಿನಗಳ ಮುಷ್ಕರವಾಯಿತು.

ಸರತಿ ಸಾಲು ಬಲವಿಲ್ಲದವನ ಆಸರೆ. ಅದರ ತುದಿಗೆ ಯಾರನ್ನು ನಿಲ್ಲಗೊಡುತ್ತಾರೆ, ಎರಡು ಸಾಲು ಒಂದಾದಾಗ ಯಾರನ್ನು ಹಿಂದೆ ತಳ್ಳುತ್ತಾರೆ ಎಂಬುದನ್ನೂ ನಾವು ಕೇಳುತ್ತಿರಬೇಕು. ಮುಂದಿನ ಸಲ ಮಂಜಿನಿಂದ ವಿಮಾನ ತಡವಾದರೆ ಗೊಣಗದಿರೋಣ. 1919ರಲ್ಲಿ ಕೆಲಸ ಕಳೆದುಕೊಂಡ ಆ ಇಬ್ಬರನ್ನು ನೆನೆಯೋಣ.