ಸೀಸದಿಂದ ಸೀಸೆಗೆ: ಗ್ಲಿಸರಿನ್ನಿನ ಕತೆ

ಚಳಿಗಾಲ ಶುರುವಾದರೆ ಪುಣೆ, ದೆಹಲಿಗಳ ಮೆಡಿಕಲ್ ಶಾಪುಗಳಲ್ಲಿ ಹಿಂದಿನ ಶೆಲ್ಫಿನಲ್ಲಿದ್ದ ಒಂದು ಸಣ್ಣ ಸೀಸೆ ಮುಂದೆ ಬಂದು ಕೌಂಟರಿನ ಮೇಲೆ ಕೂರುತ್ತದೆ. ಒಳಗೆ ಬಣ್ಣವಿಲ್ಲದ, ವಾಸನೆಯಿಲ್ಲದ, ಸಕ್ಕರೆ ಪಾಕದಂತೆ ನಿಧಾನಕ್ಕೆ ಜಾರುವ ದ್ರವ. ಲೇಬಲ್ಲಿನ ಮೇಲೆ 'ಗ್ಲಿಸರಿನ್ ಐ.ಪಿ.' ಎಂದಿರುತ್ತದೆ. ಮುಂಬೈ, ಚೆನ್ನೈನ ಓದುಗರಿಗೆ ಇದರ ಅಗತ್ಯ ಅಷ್ಟಾಗಿ ಬೀಳದು. ಕಡಲ ಗಾಳಿಯೇ ಅವರ ಚರ್ಮವನ್ನು ನೋಡಿಕೊಳ್ಳುತ್ತದೆ. ಉಳಿದವರು ತುಟಿ ಒಡೆದಾಗ, ಮೊಣಕೈ ಬಿಳಿಚಿಕೊಂಡಾಗ, ಹಿಮ್ಮಡಿ ಬಿರಿದಾಗ ಇದನ್ನು ಪನ್ನೀರಿಗೆ ಬೆರೆಸಿ ಹಚ್ಚಿಕೊಳ್ಳುತ್ತೇವೆ.

ಅನುವಾದವೇ ಕಸುಬಾದ್ದರಿಂದ, ಈ ಸೀಸೆಯ ಹಿಂದಿನ ಚರಿತ್ರೆ ಓದುವಾಗ ನನ್ನ ಕಣ್ಣಿಗೆ ಹೆಚ್ಚಾಗಿ ಬಿದ್ದದ್ದು ಅದರ ಸುತ್ತ ಓಡಾಡಿದ ಪದಗಳು. ಇದನ್ನು ಕಣ್ಣಿನಿಂದ ಗುರುತಿಸಲಾಗದು, ಮೂಗಿನಿಂದ ಗುರುತಿಸಲಾಗದು, ನಾಲಿಗೆಯನ್ನೂ ನಂಬುವಂತಿಲ್ಲ. ಲೇಬಲ್ಲು ಏನು ಹೇಳುತ್ತದೋ ಅದನ್ನೇ ನಂಬಬೇಕು. ಆ ನಂಬಿಕೆ ಹುಟ್ಟಿದ್ದು, ಕೆಟ್ಟದ್ದು ಎರಡೂ ಈ ಕತೆಯಲ್ಲಿವೆ.

1779ರಲ್ಲಿ ಸ್ವೀಡನ್ನಿನ ಶ್ಯೋಪಿಂಗ್ ಎಂಬ ಸಣ್ಣ ಊರಿನ ಔಷಧ ಅಂಗಡಿಯಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಆಲಿವ್ ಎಣ್ಣೆಯನ್ನು ಲಿಥಾರ್ಜ್ ಎಂಬ ಸೀಸದ ಆಕ್ಸೈಡಿನ ಜೊತೆ ಕಾಯಿಸಿದ. ಅದೇನೂ ಹೊಸ ಪ್ರಯೋಗವಲ್ಲ. ಗಾಯಕ್ಕೆ ಹಾಕುವ ಸೀಸದ ಪಟ್ಟಿಯ ಅಂಟನ್ನು ಯುರೋಪಿನ ಔಷಧಗಾರರು ಶತಮಾನಗಳಿಂದ ಹೀಗೆಯೇ ಕುದಿಸಿ ಮಾಡುತ್ತಿದ್ದರು. ಅಂಟನ್ನು ತೆಗೆದಿಟ್ಟುಕೊಂಡು ಉಳಿದ ನೀರನ್ನು ಚೆಲ್ಲುತ್ತಿದ್ದರು. ಶೀಲೆ ಆ ನೀರನ್ನು ಬತ್ತಿಸಿ ರುಚಿ ನೋಡಿದ. ಸಿಹಿಯಾಗಿತ್ತು. ಸಿಕ್ಕಿದ್ದನ್ನೆಲ್ಲ ನಾಲಿಗೆಗೆ ಹಚ್ಚಿ ನೋಡುವ ಚಟ ಅವನಿಗಿತ್ತು. ಆಮ್ಲಜನಕವನ್ನು ಪ್ರೀಸ್ಟ್ಲಿಗಿಂತ ಮೊದಲೇ ಕಂಡುಕೊಂಡೂ ಪ್ರಕಟಿಸುವುದರಲ್ಲಿ ಹಿಂದೆಬಿದ್ದ ಮನುಷ್ಯ. 43ನೇ ವಯಸ್ಸಿಗೇ ತೀರಿಕೊಂಡ. ತನಗೆ ಸಿಕ್ಕ ದ್ರವವನ್ನು ಅವನು ಎಣ್ಣೆಗಳ ಸಿಹಿಸತ್ವ ಎಂದು ಕರೆದ.

ಗ್ಲಿಸರಿನ್ ಎಂದು ಹೆಸರಿಟ್ಟವನು ಫ್ರಾನ್ಸಿನ ಮಿಶೆಲ್ ಯೂಜೀನ್ ಶೆವ್ರೆಲ್. ಗ್ರೀಕಿನಲ್ಲಿ 'ಗ್ಲುಕುಸ್' ಎಂದರೆ ಸಿಹಿ. ಗ್ಲುಕೋಸ್ ಕೂಡ ಅದೇ ಬಳಗದ್ದು. ಕೆಮ್ಮಿಗೆ ನಾವು ಅಗಿಯುವ ಅತಿಮಧುರಕ್ಕೆ ಗ್ರೀಕರು ಇಟ್ಟ ಹೆಸರು ಗ್ಲುಕುರ್ರಿಜ, ಅಂದರೆ ಸಿಹಿಬೇರು. ಇಂಗ್ಲಿಷಿನ ಲಿಕರಿಸ್ ಅದರದ್ದೇ ಸವಕಲು ರೂಪ. ಶೆವ್ರೆಲ್ 1823ರಲ್ಲಿ ಪ್ರಾಣಿಜನ್ಯ ಕೊಬ್ಬುಗಳ ಮೇಲೆ ಪ್ರಕಟಿಸಿದ ದೊಡ್ಡ ಪುಸ್ತಕ ಸಾಬೂನಿನ ಗುಟ್ಟನ್ನು ಬಿಡಿಸಿತು. ಎಣ್ಣೆಯೋ ತುಪ್ಪವೋ ಯಾವುದೇ ಇರಲಿ, ಅದರ ಒಂದೊಂದು ಅಣುವಿನಲ್ಲೂ ಗ್ಲಿಸರಿನ್ನಿನ ಬೆನ್ನಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಕ್ಷಾರ ಹಾಕಿ ಕುದಿಸಿದರೆ ಆಮ್ಲಗಳು ಸಾಬೂನಾಗುತ್ತವೆ, ಗ್ಲಿಸರಿನ್ ಬಿಡುಗಡೆಯಾಗುತ್ತದೆ. ತೂಕದಲ್ಲಿ ಎಣ್ಣೆಯ ಸುಮಾರು ಹತ್ತನೇ ಒಂದು ಪಾಲು.

ಆದರೆ ಸೀಸದ ಪಾತ್ರೆಯಿಂದ ಬಂದ ಗ್ಲಿಸರಿನ್ನಿನಲ್ಲಿ ಸೀಸ ಉಳಿಯುತ್ತಿತ್ತು. ಅದನ್ನು ತೆಗೆಯಲು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹಾಯಿಸಬೇಕಿತ್ತು. ಹಾಗೆ ಸಿಕ್ಕಿದ್ದನ್ನು ಒಡೆದ ಚರ್ಮಕ್ಕೆ ಹಚ್ಚುವುದೆಂದರೆ ಅನುಮಾನದ ಕೆಲಸವೇ. ದಾರಿ ತೆರೆದದ್ದು ಮೋಂಬತ್ತಿಯವರು. ಲಂಡನ್ನಿನ ಪ್ರೈಸಸ್ ಕ್ಯಾಂಡಲ್ ಕಂಪನಿ ಪಶ್ಚಿಮ ಆಫ್ರಿಕದ ತಾಳೆ ಎಣ್ಣೆಯಿಂದ, ಲಂಕೆಯ ಕೊಬ್ಬರಿ ಎಣ್ಣೆಯಿಂದ ಮೋಂಬತ್ತಿ ಮಾಡುತ್ತಿತ್ತು. ಮೋಂಬತ್ತಿಗೆ ಬೇಕಾದದ್ದು ಗಟ್ಟಿಯಾದ ಕೊಬ್ಬಿನಾಮ್ಲ ಮಾತ್ರ. ಉಳಿದ ಗ್ಲಿಸರಿನ್ ತ್ಯಾಜ್ಯ. 1854ರಲ್ಲಿ ಕಂಪನಿಯ ಜಾರ್ಜ್ ಫರ್ಗುಸನ್ ವಿಲ್ಸನ್ ಬಲವಾದ ಬಿಸಿ ಹಬೆಯಿಂದ ಕೊಬ್ಬನ್ನು ಒಡೆದು, ಗ್ಲಿಸರಿನ್ನನ್ನು ಭಟ್ಟಿ ಇಳಿಸಿ ಶುದ್ಧಮಾಡುವ ಕ್ರಮಕ್ಕೆ ಪೇಟೆಂಟ್ ಪಡೆದ. ಈ ವಿಧಾನದಲ್ಲಿ ಸೀಸದ ಕೆಲಸವೇ ಇಲ್ಲ. 'ಪ್ರೈಸಸ್ ಗ್ಲಿಸರಿನ್' ಎಂದು ಸೀಸೆಗಳಲ್ಲಿ ಮಾರಾಟಕ್ಕೆ ಬಂತು. ಚಳಿಗೆ ಒಡೆದ ಕೈಗೆ ಗ್ಲಿಸರಿನ್ ಹಚ್ಚುವ ರೂಢಿಯ ಹಿಂದೆ ಈ ಭಟ್ಟಿಯಿದೆ. ಮುಂದೆ 1911ರಲ್ಲಿ ಜರ್ಮನಿಯಲ್ಲಿ ನಿವಿಯಾ ಕ್ರೀಮು ಹುಟ್ಟಿದಾಗ ಅದರಲ್ಲೂ ಗ್ಲಿಸರಿನ್ ಇತ್ತು.

ಚರ್ಮದ ಮೇಲೆ ಅದು ಮಾಡುವ ಕೆಲಸ ಎಣ್ಣೆ ಮಾಡುವ ಕೆಲಸದಂಥದ್ದಲ್ಲ. ಕೊಬ್ಬರಿ ಎಣ್ಣೆ, ಬೆಣ್ಣೆ, ವ್ಯಾಸಲೀನ್ ಇವೆಲ್ಲ ಮುಚ್ಚಳಗಳು: ಒಳಗಿನ ತೇವ ಆರಿಹೋಗದಂತೆ ತಡೆಯುತ್ತವೆ. ಗ್ಲಿಸರಿನ್ ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಬೆಲ್ಲ ಹೇಗೆ ಗಾಳಿಯ ನೀರೆಳೆದು ಒಸರುತ್ತದೋ ಹಾಗೆ. ಆದರೆ ಎಳೆಯಲು ಗಾಳಿಯಲ್ಲಿ ನೀರಿರಬೇಕಲ್ಲ? ದೆಹಲಿಯಲ್ಲಿ ಹೊರಗೆ ಮಂಜು ಕವಿದಿರುವಾಗಲೂ ಮನೆಯೊಳಗೆ ತುಟಿ ಒಣಗುವುದು ಇದಕ್ಕೇ. 10 ಡಿಗ್ರಿಯ ಗಾಳಿ ಎಷ್ಟೇ ತೇವ ತುಂಬಿಕೊಂಡರೂ ಘನಮೀಟರಿಗೆ ಒಂಬತ್ತು ಗ್ರಾಂ ಚಿಲ್ಲರೆ ನೀರಾವಿಯನ್ನಷ್ಟೇ ಹೊರಬಲ್ಲದು. ಅದೇ ಗಾಳಿಯನ್ನು ಹೀಟರ್ ಹಾಕಿ 25 ಡಿಗ್ರಿಗೆ ಏರಿಸಿದರೆ ಅದಕ್ಕೆ 23 ಗ್ರಾಂ ಹೊರುವ ಶಕ್ತಿ ಬರುತ್ತದೆ, ಇರುವುದು ಮಾತ್ರ ಅದೇ ಒಂಬತ್ತು. ಹಸಿದ ಗಾಳಿ ಚರ್ಮದಿಂದ ನೀರು ಕೇಳುತ್ತದೆ. ಅಂಥ ಕೋಣೆಯಲ್ಲಿ ಸೀಸೆಯ ಗ್ಲಿಸರಿನ್ನನ್ನು ನೀರು ಬೆರೆಸದೆ ಬಳಿದುಕೊಂಡರೆ ಅದೂ ಚರ್ಮದ ಒಳಪದರದಿಂದಲೇ ನೀರು ಎಳೆಯತೊಡಗುತ್ತದೆ. ಒಡೆದ ತುಟಿಗೆ ಹಚ್ಚಿದೊಡನೆ ಚುರುಗುಟ್ಟುವುದರಲ್ಲಿ ಅದರ ಪಾಲೂ ಇದೆ. ಪನ್ನೀರು ಬೆರೆಸಿ ಎಂದ ಅಜ್ಜಿಯರಿಗೆ ಅದರ ಪರಿಮಳದ ಮೇಲೆ ಆಸೆ ಇದ್ದಿರಬಹುದು. ಕೆಲಸ ಮಾಡಿದ್ದು ಅದರೊಳಗಿನ ನೀರು.

ಇನ್ನೊಂದು ಸಂಗತಿ ತಡವಾಗಿ ತಿಳಿಯಿತು. ನಮ್ಮ ಚರ್ಮ ತಾನೇ ಗ್ಲಿಸರಿನ್ ಇಟ್ಟುಕೊಂಡಿರುತ್ತದೆ, ಅದನ್ನು ಸಾಗಿಸಲು ಜೀವಕೋಶಗಳಲ್ಲಿ ಅಕ್ವಾಪೋರಿನ್-3 ಎಂಬ ಬಾಗಿಲಿದೆ. ಆ ಬಾಗಿಲಿಲ್ಲದಂತೆ ಬೆಳೆಸಿದ ಇಲಿಗಳ ಚರ್ಮ ಒಣಗಿ ಬಿಗಿತ ಕಳೆದುಕೊಂಡಿತ್ತು. ಅವಕ್ಕೆ ಗ್ಲಿಸರಿನ್ ಕೊಟ್ಟಾಗ ಚರ್ಮ ಸರಿಹೋಯಿತೆಂದು 2003ರಲ್ಲಿ ಕ್ಯಾಲಿಫೋರ್ನಿಯಾದ ಮಾರಿಕೊ ಹಾರಾ ಮತ್ತು ಅಲನ್ ವರ್ಕ್‌ಮನ್ ಪ್ರಕಟಿಸಿದರು.

ಇನ್ನು ಸಿಡಿಮದ್ದಿನ ಮಾತು. 1840ರ ದಶಕದ ಕೊನೆಗೆ ಇಟಲಿಯ ಟುರಿನ್‌ನಲ್ಲಿ ಅಸ್ಕಾನಿಯೊ ಸೊಬ್ರೆರೊ ಗ್ಲಿಸರಿನ್ನನ್ನು ನೈಟ್ರಿಕ್ ಆಮ್ಲದೊಡನೆ ಸೇರಿಸಿ ನೈಟ್ರೋಗ್ಲಿಸರಿನ್ ಪಡೆದು ತಾನೇ ಬೆಚ್ಚಿದ. ಆಲ್ಫ್ರೆಡ್ ನೊಬೆಲ್ 1867ರಲ್ಲಿ ಅದನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿ ಡೈನಮೈಟ್ ಮಾಡಿದ. ಸಾಬೂನಿನವರು ಚರಂಡಿಗೆ ಬಿಡುತ್ತಿದ್ದ ನೀರಿಗೆ ಬೆಲೆ ಬಂತು. ಮುಂದೆ ಬ್ರಿಟಿಷರ ಬಂದೂಕು, ಫಿರಂಗಿಗಳ ಮದ್ದಾದ ಕಾರ್ಡೈಟಿಗೂ ನೈಟ್ರೋಗ್ಲಿಸರಿನ್ನೇ ಜೀವಾಳ. ಊಟಿಗೆ ಹೋಗುವ ಬೆಟ್ಟದ ರೈಲಿನಲ್ಲಿ ಕೂನೂರು ದಾಟಿದರೆ ಅರುವಂಕಾಡು ಎಂಬ ಸ್ಟೇಷನ್ ಬರುತ್ತದೆ. ಅಲ್ಲಿನ ಕಾರ್ಡೈಟ್ ಕಾರ್ಖಾನೆ ಇಪ್ಪತ್ತನೇ ಶತಮಾನದ ಆರಂಭದಿಂದ ಇದೆ. ಸುತ್ತಲ ಬಡಗರ ಹಟ್ಟಿಗಳಲ್ಲಿ ಕನ್ನಡಕ್ಕೆ ತೀರ ಹತ್ತಿರದ ನುಡಿ ಕೇಳಿಸುತ್ತದೆ. ಭಾಷಾಶಾಸ್ತ್ರ ಓದಿದವರು ಆ ರೈಲಿನಲ್ಲಿ ಕಿವಿಗೊಟ್ಟು ಕೂರುತ್ತಾರೆ, ಕಾರ್ಖಾನೆಯತ್ತ ನೋಡುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಗ್ಲಿಸರಿನ್ ಬೇಕೆಂದರೆ ಕೊಬ್ಬು ಬೇಕು, ಕೊಬ್ಬು ಬೇಕೆಂದರೆ ಹಡಗು ಬರಬೇಕು. ಜರ್ಮನಿಗೆ ಬರುವ ಹಡಗುಗಳನ್ನು ಬ್ರಿಟನ್ ತಡೆದಿತ್ತು. ಜರ್ಮನ್ ರಸಾಯನಜ್ಞರು ಸಕ್ಕರೆಯನ್ನು ಸಲ್ಫೈಟ್ ಬೆರೆಸಿ ಹುದುಗಿಸಿ, ಯೀಸ್ಟಿನಿಂದಲೇ ಗ್ಲಿಸರಿನ್ ತೆಗೆಯುವ ದಾರಿ ಕಂಡುಕೊಂಡರು. ಲಂಡನ್ನಿನ ಪತ್ರಿಕೆಗಳಿಗೆ ಸಿಕ್ಕ ಕತೆ ಬೇರೆ. 1917ರ ಏಪ್ರಿಲಿನಲ್ಲಿ ಬರ್ಲಿನ್ನಿನ ಪತ್ರಿಕೆಯೊಂದರ ವರದಿಗಾರ ಯುದ್ಧಭೂಮಿಯ ಹಿಂದಿನ ಕಾರ್ಖಾನೆಯೊಂದರ ದುರ್ವಾಸನೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದ. 'ಕಡಾವರ್'ಗಳನ್ನು ಕುದಿಸಿ ಕೊಬ್ಬು ತೆಗೆಯುವ ಜಾಗ ಅದು. ಜರ್ಮನ್ನಿನಲ್ಲಿ ಕಡಾವರ್ ಎಂದರೆ ಸತ್ತ ಪ್ರಾಣಿಯ ಒಡಲು. ಅಲ್ಲಿ ಸತ್ತ ಕುದುರೆಗಳಿಗೇನೂ ಬರವಿರಲಿಲ್ಲ. ಮನುಷ್ಯನ ಹೆಣಕ್ಕೆ 'ಲೈಷೆ' ಎಂಬ ಬೇರೆ ಪದವೇ ಇದೆ. ಇಂಗ್ಲಿಷಿನಲ್ಲಿ ಕಡಾವರ್ ಎಂದರೆ ಮನುಷ್ಯನ ಹೆಣ. ದಿ ಟೈಮ್ಸ್, ಡೈಲಿ ಮೇಲ್ ಪತ್ರಿಕೆಗಳು ಅದನ್ನು ಹೆಣವೆಂದೇ ಅನುವಾದಿಸಿದವು. ಜರ್ಮನರು ತಮ್ಮದೇ ಸೈನಿಕರ ಹೆಣ ಕುದಿಸಿ ಗ್ಲಿಸರಿನ್ ತೆಗೆಯುತ್ತಿದ್ದಾರೆ ಎಂಬ ಸುದ್ದಿ ಲೋಕವೆಲ್ಲ ಸುತ್ತಿತು. ಅದಕ್ಕೆ ಆಧಾರವಿಲ್ಲವೆಂಬ ಜರ್ಮನಿಯ ಮಾತನ್ನು ಬ್ರಿಟಿಷ್ ವಿದೇಶಾಂಗ ಸಚಿವ ಆಸ್ಟಿನ್ ಚೇಂಬರ್ಲೇನ್ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡದ್ದು 1925ರಲ್ಲಿ. ಈ ಸುಳ್ಳು ಬಯಲಾದದ್ದರಿಂದಲೇ, ಮುಂದೆ ನಾತ್ಸಿಗಳ ಹತ್ಯಾಕಾಂಡದ ನಿಜ ಸುದ್ದಿಗಳನ್ನು ಹಲವರು ನಂಬದೆ ಹೋದರು ಎಂದು ಇತಿಹಾಸಕಾರರು ಬರೆದಿದ್ದಾರೆ. ಗೊತ್ತಿದ್ದೂ ಮಾಡಿದ ಅನುವಾದ ಅದೆಂದು ನನ್ನ ಗುಮಾನಿ. ನಿಘಂಟು ತೆಗೆದು ನೋಡುವಷ್ಟು ವ್ಯವಧಾನ ಯುದ್ಧಕಾಲದ ಪತ್ರಿಕೆಗೂ ಇರುತ್ತದೆ.

ಎರಡನೆಯ ಯುದ್ಧದಲ್ಲಿ ಅಮೆರಿಕದ ಗೃಹಿಣಿಯರು ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಡಬ್ಬಿಯಲ್ಲಿ ಕೂಡಿಟ್ಟು ಮಾಂಸದಂಗಡಿಗೆ ಕೊಟ್ಟು ಬರುತ್ತಿದ್ದರು. ಅದೂ ಇದೇ ಗ್ಲಿಸರಿನ್ನಿಗಾಗಿ.

ಮುಂಬೈ ಓದುಗರಲ್ಲಿ ಹಿರಿಯರಿಗೆ 1986 ನೆನಪಿರಬಹುದು. ಕಣ್ಣಿನ ಅಥವಾ ಮಿದುಳಿನ ಒತ್ತಡ ಇಳಿಸಲು ಗ್ಲಿಸರಿನ್ ಕುಡಿಸುವ ಚಿಕಿತ್ಸೆಯಿದೆ. ಆ ವರ್ಷದ ಆರಂಭದಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಹೀಗೆ ಗ್ಲಿಸರಿನ್ ಕುಡಿದ 14 ರೋಗಿಗಳು ಮೂತ್ರಪಿಂಡ ಕೆಟ್ಟು ಸತ್ತರು. ಅದರಲ್ಲಿ ಡೈಎಥಿಲಿನ್ ಗ್ಲೈಕಾಲ್ ಬೆರೆತಿತ್ತು. ಅದೂ ಬಣ್ಣವಿಲ್ಲದ್ದು, ಮಂದವಾದದ್ದು, ಸಿಹಿಯಾದದ್ದು, ಗ್ಲಿಸರಿನ್ನಿಗಿಂತ ಅಗ್ಗದ್ದು. ಕಾರ್ಖಾನೆಗಳಲ್ಲಿ ದ್ರಾವಕವಾಗಿ, ಬ್ರೇಕ್ ಆಯಿಲಿನಲ್ಲಿ ಬಳಸುವಂಥದ್ದು. ಶೀಲೆಯ ನಾಲಿಗೆಯೂ ಇಲ್ಲಿ ಸೋಲುತ್ತಿತ್ತು. ತನಿಖೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗದ ವರದಿ, ಕಾರ್ಖಾನೆಗಳ ಬಳಕೆಯ ದ್ರವ ಔಷಧವೆಂಬ ಹೆಸರಿನಲ್ಲಿ ಆಸ್ಪತ್ರೆಯ ವಾರ್ಡಿನವರೆಗೆ ಹೇಗೆ ತಲುಪಿತು, ನಡುವೆ ಯಾರು ಯಾರು ಕಣ್ಣು ಮುಚ್ಚಿಕೊಂಡರು ಎಂಬುದನ್ನು ಬಿಚ್ಚಿಟ್ಟಿತು.

ಇಪ್ಪತ್ತು ವರ್ಷಗಳ ನಂತರ ಪನಾಮಾದಲ್ಲಿ ಅದೇ ಆಯಿತು. ಸರ್ಕಾರವೇ ತಯಾರಿಸಿದ ಕೆಮ್ಮಿನ ಸಿರಪ್ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸಿರಪ್ಪಿಗೆ ಬಳಸಿದ 46 ಪೀಪಾಯಿಗಳು ಚೀನಾದಿಂದ ಸ್ಪೇನ್ ಮೂಲಕ ಬಂದಿದ್ದವು. ಪ್ರಮಾಣಪತ್ರದಲ್ಲಿ 99.5 ಶೇಕಡಾ ಶುದ್ಧ ಗ್ಲಿಸರಿನ್ ಎಂದಿತ್ತು. ನ್ಯೂಯಾರ್ಕ್ ಟೈಮ್ಸಿನ ವರದಿಗಾರರು ಆ ಜಾಡು ಹಿಡಿದು ಕಾರ್ಖಾನೆಯವರೆಗೆ ಹೋದಾಗ, ಅದು ಮೊದಲು ಹೊರಟದ್ದು 'ಟಿಡಿ ಗ್ಲಿಸರಿನ್' ಎಂಬ ಹೆಸರಿನಲ್ಲಿ ಎಂದು ತಿಳಿಯಿತು. ಟಿಡಿ ಎಂದರೆ ಚೀನೀ ಭಾಷೆಯ 'ತಿದಾಯ್': ಬದಲಿ. ಅಂದರೆ ಹೊರಡುವಾಗ ಲೇಬಲ್ಲು ಒಂದು ಥರ ನಿಜವನ್ನೇ ಹೇಳುತ್ತಿತ್ತು. ಕೈಯಿಂದ ಕೈಗೆ ದಾಟುವಾಗ, ಕಾಗದ ಬದಲಾಗುವಾಗ ಆ ಎರಡು ಅಕ್ಷರಗಳು ಉದುರಿಹೋದವು.

ಮಾರನೆಯ ವರ್ಷ, 2007ರಲ್ಲಿ, ಅದೇ ಪನಾಮಾ ನಗರದ ಒಬ್ಬ ಸಾಮಾನ್ಯ ಸರ್ಕಾರಿ ನೌಕರ ಅಗ್ಗದ ಟೂತ್‌ಪೇಸ್ಟ್ ಟ್ಯೂಬೊಂದನ್ನು ತಿರುಗಿಸಿ ಓದಿದ. ಡೈಎಥಿಲಿನ್ ಗ್ಲೈಕಾಲ್ ಎಂದು ಅದರ ಮೇಲೆ ಮುಚ್ಚುಮರೆಯಿಲ್ಲದೆ ಅಚ್ಚಾಗಿತ್ತು. ಟ್ಯೂಬನ್ನು ಆರೋಗ್ಯ ಇಲಾಖೆಗೆ ತಲುಪಿಸಿದ. ಆಮೇಲೆ ಹಲವು ದೇಶಗಳು ಆ ಬಗೆಯ ಟೂತ್‌ಪೇಸ್ಟನ್ನು ಅಂಗಡಿಗಳಿಂದ ಹಿಂತೆಗೆದವು. ಅಮೆರಿಕದ ಔಷಧ ನಿಯಂತ್ರಕರು ಆ ಮೇ ತಿಂಗಳಲ್ಲಿ ಔಷಧ ತಯಾರಕರಿಗೆ ಸೂಚನೆ ಕೊಟ್ಟರು: ಗ್ಲಿಸರಿನ್ನಿನ ಪೀಪಾಯಿ ಬಂದಾಗ ಕಾಗದ ನೋಡಿ ಬಿಡಬೇಡಿ, ಒಳಗಿರುವುದನ್ನು ಪರೀಕ್ಷಿಸಿ.

ನಮ್ಮ ಸೀಸೆಯ ಮೇಲಿನ 'ಐ.ಪಿ.' ಎಂದರೆ ಇಂಡಿಯನ್ ಫಾರ್ಮಕೋಪಿಯಾ, ಔಷಧಗಳ ಗುಣಮಟ್ಟ ನಿಗದಿ ಮಾಡುವ ಗ್ರಂಥ. ಸಾಬೂನು ಮಾಡುವ ಹವ್ಯಾಸಿಗಳಿಗೆಂದು ಆನ್‌ಲೈನಿನಲ್ಲಿ ಲೀಟರುಗಟ್ಟಲೆ ಸಿಗುವ, ಆ ಎರಡಕ್ಷರ ಇಲ್ಲದ ಕ್ಯಾನುಗಳು ಅಗ್ಗ. ಒಡೆದ ತುಟಿಗೆ, ಮಗುವಿನ ಕೆನ್ನೆಗೆ ಅದನ್ನು ತರಬೇಡಿ. ಒಂದು ಪಾಲು ಗ್ಲಿಸರಿನ್ನಿಗೆ ಎರಡು ಪಾಲು ಪನ್ನೀರು ಅಥವಾ ಕುದಿಸಿ ಆರಿಸಿದ ನೀರು. ಒಂದೆರಡು ದಿನಕ್ಕಾಗುವಷ್ಟೇ ಬೆರೆಸಿಟ್ಟುಕೊಂಡರೆ ಒಳ್ಳೆಯದು. ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗ ಹಚ್ಚಿ. ಹೀಟರ್ ಉರಿಯುವ ಕೋಣೆಯಲ್ಲಿ ಮಲಗುವವರು ಅದರ ಮೇಲೊಂದಿಷ್ಟು ಕೊಬ್ಬರಿ ಎಣ್ಣೆ ಸವರಿಕೊಳ್ಳಬಹುದು. ದೆಹಲಿಯ ಜನವರಿಯಲ್ಲಿ ಎಣ್ಣೆ ಗಟ್ಟಿಯಾಗಿರುತ್ತದೆ, ಸೀಸೆಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಇಟ್ಟು ತೆಗೆಯಿರಿ.