ದೀಕ್ಷೆ ಮತ್ತು ಸ್ವಾತಂತ್ರ್ಯ: ಪ್ಯಾರಮಟ್ಟಾದಿಂದ ಮಂಗಳೂರಿನವರೆಗೆ

ಸಿಡ್ನಿ ಮಹಾನಗರದ ಪಶ್ಚಿಮ ಭಾಗದಲ್ಲಿ ಪ್ಯಾರಮಟ್ಟಾಕ್ಕೆ ಹೊಂದಿಕೊಂಡಿರುವ ವೆಸ್ಟ್‌ಮೀಡ್ ಇಂದು ಭಾರತೀಯ ಮೂಲದ ಕುಟುಂಬಗಳು ದಟ್ಟವಾಗಿ ನೆಲೆಸಿರುವ ಬಡಾವಣೆ. ದಾರುಗ್ ಭಾಷಿಕರಾದ ಮೂಲನಿವಾಸಿಗಳಿಗೆ ಸೇರಿದ್ದ ಈ ಸೀಮೆಯಲ್ಲಿ ಕ್ರೈಸ್ತ ಮತ ಪ್ರಸಾರದ ಮೊದಲ ಸರ್ಕಾರಿ ಪ್ರಯತ್ನ ನಡೆದ ಕಾಲದಲ್ಲೇ, ಅಂದರೆ 1815ರಲ್ಲಿ, ಮುಂದೆ ಕನ್ನಡ ನಾಡಿಗೆ ಬರಲಿದ್ದ ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಗೊಂಡಿತು. ಈ ಎರಡು ಚರಿತ್ರೆಗಳನ್ನು ಜೊತೆಯಾಗಿ ಓದಿದಾಗ ಮತಾಂತರವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ಸ್ಪಷ್ಟವಾಗುತ್ತದೆ.

ಲಂಡನ್ ಮಿಶನರಿ ಸೊಸೈಟಿಯ ಸೇವೆಯಲ್ಲಿದ್ದ ವಿಲಿಯಂ ಶೆಲ್ಲಿ ಅವರ ಸಲಹೆಯಂತೆ ಆಗಿನ ಬ್ರಿಟಿಷ್ ವಸಾಹತಿನ ಗವರ್ನರ್ ಮ್ಯಾಕ್ವಾರಿ ಪ್ಯಾರಮಟ್ಟಾದಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ವಸತಿಶಾಲೆಯೊಂದನ್ನು ತೆರೆದರು. ಅಕ್ಷರ, ಕಸುಬು ಮತ್ತು ಕ್ರೈಸ್ತ ಬೋಧನೆಗಳನ್ನು ಒಟ್ಟಿಗೆ ಕೊಡುವುದು ಅದರ ಉದ್ದೇಶವಾಗಿತ್ತು. ಆದರೆ ಒಮ್ಮೆ ಒಪ್ಪಿಸಿದ ಮಗುವನ್ನು ನಿಗದಿತ ವಯಸ್ಸು ತುಂಬುವವರೆಗೆ ಹೆತ್ತವರು ಮರಳಿ ಕರೆದೊಯ್ಯುವಂತಿರಲಿಲ್ಲ. ದಾರುಗ್ ನಾಯಕ ಯರ‍್ರಮುಂಡಿಯ ಮಗಳು ಮರಿಯಾ ಇಲ್ಲಿ ಕಲಿತು, 1819ರ ಪರೀಕ್ಷೆಯಲ್ಲಿ ಬಿಳಿಯರ ಮಕ್ಕಳನ್ನೂ ಹಿಂದಿಕ್ಕಿ ಮೊದಲ ಬಹುಮಾನ ಪಡೆದಳು. ತೀರಿಹೋದ ಸಹೋದರನ ಭೂಮಿ ತನಗೆ ಸಲ್ಲಬೇಕೆಂದು 1831ರಲ್ಲಿ ಅರ್ಜಿ ಬರೆದಳು. ಆಕೆಯ ಪ್ರತಿಭೆ ನಿಜ. ಅದರಿಂದ ಆ ಶಾಲೆಯ ಅನ್ಯಾಯ ಕಡಿಮೆಯಾಗುವುದಿಲ್ಲ. ಒಲ್ಲೆ ಎನ್ನುವ ಅವಕಾಶವೇ ಇಲ್ಲದ ಮಗುವಿಗೆ ಕಲಿಸಿದ ಪ್ರಾರ್ಥನೆಯನ್ನು ನಂಬಿಕೆಯೆಂದು ಕರೆಯುವುದು ಕಷ್ಟ.

ಮಂಗಳೂರಿನ ಕಥೆ ಬೇರೆ ಬಗೆಯದು. ಬ್ರಿಟಿಷೇತರ ಮಿಶನರಿಗಳಿಗೂ ಭಾರತದ ಬಾಗಿಲು ತೆರೆದ ಈಸ್ಟ್ ಇಂಡಿಯಾ ಕಂಪನಿಯ 1833ರ ಸನದಿನ ಬೆನ್ನಿಗೇ, 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಅಲ್ಲಿಗೆ ಬಂದಿಳಿದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಶಾಲೆ ನಡೆಸಿದರು, ಕನ್ನಡ ಕಲಿತರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅವರ ಒಡನಾಟದಲ್ಲಿ ಬೆಳೆದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನವನ್ನು, ಅಂದರೆ ಕ್ರಿಸ್ತನಿಗೆ ಸೇರಿದವನೆಂದು ಸಭೆಯ ಮುಂದೆ ಸಾರುವ ನೀರಿನ ಸಂಸ್ಕಾರವನ್ನು, ಇನ್ನಿಬ್ಬರು ಬ್ರಾಹ್ಮಣ ಯುವಕರೊಡನೆ ಪಡೆದರು. ಊರು ಕೆರಳಿತು, ಬಂಧುಬಳಗ ದೂರವಾಯಿತು, ಕೈಹಿಡಿದ ಪತ್ನಿ ತಮ್ಮವರ ಜೊತೆಗೇ ಉಳಿದರು. ಬಾಸೆಲ್‌ಗೆ ಹೋಗಿ ದೇವಶಾಸ್ತ್ರ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ ಕೌಂಡಿನ್ಯರು ಕೊಡಗಿನಲ್ಲಿ ದಲಿತ ಕ್ರೈಸ್ತರ ನೆಲೆಯಾಗಿ ಬೆಳೆದ ಆನಂದಪುರದ ಕೆಲಸಕ್ಕೆ ಹೆಗಲು ಕೊಟ್ಟರು. ಆ ಊರು ಅವರ ಹೆಸರನ್ನೇ ಹೊತ್ತಿದೆ.

ಮಿಶನರಿಗಳ ವಾದದ ತಿರುಳು ಕೃಪೆ ಎಂಬ ಒಂದೇ ಮಾತಿನಲ್ಲಿತ್ತು: ಕರ್ಮದ ಬಾಕಿಯನ್ನು ಮನುಷ್ಯನೇ ಜನ್ಮಜನ್ಮಾಂತರಗಳಲ್ಲಿ ತೀರಿಸಬೇಕಾಗಿಲ್ಲ, ದೇವರೇ ಕ್ರಿಸ್ತನಲ್ಲಿ ಮನುಷ್ಯನನ್ನು ಹುಡುಕಿ ಬಂದು ಅರ್ಹತೆಯನ್ನು ಕೇಳದೆ ಕ್ಷಮಿಸುತ್ತಾನೆ ಎಂಬುದು ಅದರ ಅರ್ಥ. ಹುಟ್ಟಿನಿಂದಲೇ ಅನರ್ಹರೆನಿಸಿಕೊಂಡಿದ್ದವರಿಗೆ ಈ ಮಾತು ತತ್ತ್ವಕ್ಕಿಂತ ಮೊದಲು ಮರ್ಯಾದೆಯಾಗಿ ತಲುಪಿತು. ಇದನ್ನು ಕನ್ನಡದ ಜಾಡಿನಲ್ಲೇ ಹೇಳಬೇಕೆಂದು ನಿಘಂಟುಕಾರ ಕಿಟ್ಟೆಲ್ ಕ್ರಿಸ್ತನ ಚರಿತೆಯನ್ನು ದೇಸಿ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ 1862ರಲ್ಲಿ ಪ್ರಕಟಿಸಿದರು.

ಮಂಗಳೂರಿನ ಚರಿತ್ರೆಯೂ ಕಲೆಯಿಲ್ಲದ್ದಲ್ಲ. ಮಿಶನರಿ ಬರಹಗಳು ಇಲ್ಲಿನ ದೈವಾರಾಧನೆಯನ್ನು ಹಲವೆಡೆ ಕಟುವಾಗಿ ಹೀಗಳೆದವು. ಜಾತಿಯ ಜೊತೆಗೆ ಕಸುಬನ್ನೂ ಕಳೆದುಕೊಂಡವರಿಗಾಗಿ ಮಿಶನ್ ನೇಯ್ಗೆ ಶಾಲೆಯನ್ನು, 1865ರಲ್ಲಿ ಜೆಪ್ಪುವಿನಲ್ಲಿ ಮಿಶನರಿ ಪ್ಲೆಬ್ಸ್ಟ್ ಅವರ ಮುಂದಾಳತ್ವದಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಾಗ, ಅನ್ನ ಕೊಡುವ ಕೈಯೂ ಮತ ಬೋಧಿಸುವ ಕೈಯೂ ಒಂದೇ ಆಗಿ, ನಂಬಿಕೆಯ ಜೊತೆ ಅವಲಂಬನೆಯೂ ಬೆರೆಯಿತು. ಆದರೂ ಮತಾಂತರದಿಂದ ಮನೆ, ಮರ್ಯಾದೆ, ಆಸ್ತಿಯ ಹಕ್ಕುಗಳೇ ಅಪಾಯಕ್ಕೆ ಸಿಲುಕಿದ್ದ ಕಾಲದಲ್ಲಿ ಆ ಹೆಜ್ಜೆಯಿಟ್ಟವರನ್ನೆಲ್ಲ ಆಮಿಷಕ್ಕೆ ಬಲಿಯಾದವರೆಂದು ತಳ್ಳಿಹಾಕುವುದು ಅವರ ವಿವೇಚನೆಗೆ ಮಾಡುವ ಅವಮಾನ. ಮತ ಬಿಟ್ಟವರ ಪಿತ್ರಾರ್ಜಿತ ಹಕ್ಕನ್ನು ಕಾಯುವ ಕಾನೂನು ಬಂದದ್ದೇ 1850ರಲ್ಲಿ.

ಇಂದು ಭಾರತದ ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯದ ಜೊತೆಗೆ ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಕೊಡುತ್ತದೆ. ಆಸ್ಟ್ರೇಲಿಯಾ ಸಂವಿಧಾನದ 116ನೆಯ ವಿಧಿ ಒಕ್ಕೂಟ ಸರ್ಕಾರವು ಧರ್ಮಾಚರಣೆಯನ್ನು ಹೇರುವುದನ್ನೂ ತಡೆಯುವುದನ್ನೂ ನಿಷೇಧಿಸುತ್ತದೆ. ಚರ್ಚುಗಳೂ ದೇವಾಲಯಗಳೂ ಅಕ್ಕಪಕ್ಕದಲ್ಲಿರುವ ಪಶ್ಚಿಮ ಸಿಡ್ನಿಯಲ್ಲಿ ಕನ್ನಡ ಕುಟುಂಬಗಳು ಈ ಎರಡೂ ಪರಂಪರೆಗಳ ವಾರಸುದಾರರು. ಕ್ರಿಸ್ತನ ಕೃಪೆ ಸತ್ಯವೆಂದು ನಂಬುವವರು ಅದನ್ನು ಧೈರ್ಯವಾಗಿ ಹೇಳಲಿ, ಕೇಳುವವರು ಅಷ್ಟೇ ಧೈರ್ಯದಿಂದ ಪ್ರಶ್ನಿಸಲಿ, ಒಪ್ಪಿದವರನ್ನೂ ಒಪ್ಪದವರನ್ನೂ ಮನೆಯವರು ತಮ್ಮವರೆಂದೇ ಉಳಿಸಿಕೊಳ್ಳಲಿ. ನಿರಾಕರಿಸುವ ಹಕ್ಕನ್ನು ಗೌರವಿಸುವ ಸುವಾರ್ತೆಗೆ ಮಾತ್ರ ಸ್ವೀಕಾರವನ್ನು ಕೇಳುವ ನೈತಿಕ ಅಧಿಕಾರವಿದೆ.