ಕಸೂತಿ ಡಿಜಿಟೈಸಿಂಗ್

ಕಸೂತಿ ಡಿಜಿಟೈಸಿಂಗ್ ಎಂದರೆ ಚಿತ್ರವೊಂದನ್ನು ಗಣಕ ನಿಯಂತ್ರಿತ ಕಸೂತಿ ಯಂತ್ರವು ಹೊಲಿಯಬಲ್ಲ ಕಡತವಾಗಿ ರೂಪಿಸುವ ಕಾರ್ಯ. ಸಮವಸ್ತ್ರದ ಲಾಂಛನ, ಟೋಪಿಯ ಮೇಲಿನ ಹೆಸರು, ರವಿಕೆಯ ತೋಳಿನ ಹೂಬಳ್ಳಿ ಮುಂತಾದ ಯಂತ್ರ ಕಸೂತಿಗಳಿಗೆ ಇದು ಮೊದಲ ಹಂತ. ಚಿತ್ರದ ಕಡತದಲ್ಲಿಲ್ಲದ ಹಲವು ವಿವರಗಳನ್ನು ಇಲ್ಲಿ ಹೊಸದಾಗಿ ನಿರ್ಧರಿಸಬೇಕಾಗುವುದರಿಂದ ಇದು ಕೇವಲ ಕಡತದ ಸ್ವರೂಪವನ್ನು ಬದಲಿಸುವ ಕೆಲಸವಲ್ಲ.

ಬಿಟ್‌ಮ್ಯಾಪ್ ಮತ್ತು ಹೊಲಿಗೆ ಕಡತ

ಬಿಎಂಪಿ, ಪಿಎನ್‌ಜಿ, ಜೆಪೆಗ್ ಮುಂತಾದ ಬಿಟ್‌ಮ್ಯಾಪ್ ಕಡತಗಳು ಪ್ರತಿ ಪಿಕ್ಸೆಲ್‌ನ ಬಣ್ಣವನ್ನು ದಾಖಲಿಸುತ್ತವೆ. ಹೊಲಿಗೆ ಕಡತವು ಸೂಜಿ ಎಲ್ಲೆಲ್ಲಿ ಇಳಿಯಬೇಕು, ಎಲ್ಲಿ ಹೊಲಿಯದೆ ಜಿಗಿಯಬೇಕು, ದಾರ ಬದಲಿಸಲು ಎಲ್ಲಿ ನಿಲ್ಲಬೇಕು ಎಂಬ ಆದೇಶಗಳ ಸರಣಿ. ಎರಡರ ಸೂಕ್ಷ್ಮತೆಯೂ ಬೇರೆ. ಅಂಗುಲಕ್ಕೆ 300 ಪಿಕ್ಸೆಲ್‌ಗಳಿರುವ ಚಿತ್ರದಲ್ಲಿ ಒಂದು ಪಿಕ್ಸೆಲ್ ಸುಮಾರು 0.085 ಮಿ.ಮೀ. ಅಗಲವಿದ್ದರೆ, ಸಾಮಾನ್ಯ ಕಸೂತಿಯಲ್ಲಿ ದಾರದ ಸಾಲುಗಳ ನಡುವಿನ ಅಂತರವೇ ಸುಮಾರು 0.4 ಮಿ.ಮೀ. ಇರುತ್ತದೆ. ಆದ್ದರಿಂದ ಚಿತ್ರದ ನವಿರಾದ ವಿವರಗಳು ದಾರದಲ್ಲಿ ಉಳಿಯುವುದಿಲ್ಲ.

ಹಿನ್ನೆಲೆ

1828ರಲ್ಲಿ ಫ್ರಾನ್ಸಿನ ಜೋಶುವಾ ಹೈಲ್‌ಮನ್ ಕೈಚಾಲಿತ ಕಸೂತಿ ಯಂತ್ರವನ್ನೂ, 1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ಶಿಫ್ಲಿ ಯಂತ್ರವನ್ನೂ ರೂಪಿಸಿದರು. ಇವುಗಳಲ್ಲಿ ಹಿಗ್ಗಿಸಿ ಬರೆದ ಚಿತ್ರವನ್ನು ಕೆಲಸಗಾರನು ಪ್ಯಾಂಟೋಗ್ರಾಫ್‌ನಿಂದ ಹೊಲಿಗೆ ಹೊಲಿಗೆಯಾಗಿ ಅನುಸರಿಸುತ್ತಿದ್ದನು. ಮುಂದೆ ಈ ಚಲನೆಗಳನ್ನು ರಂಧ್ರಪಟ್ಟಿಗಳಲ್ಲಿ ದಾಖಲಿಸಲಾಯಿತು. ಡಿಜಿಟೈಸಿಂಗ್ ಅನ್ನು ಇಂದಿಗೂ ‘ಪಂಚಿಂಗ್’ ಎಂದು ಕರೆಯುವುದು ಇದೇ ಕಾರಣದಿಂದ.

ವಿಧಾನ

ಮೊದಲು ಚಿತ್ರದ ಬಣ್ಣಗಳನ್ನು ಕೆಲವೇ ದಾರಗಳಿಗೆ ಇಳಿಸಿ, ಆಕೃತಿಗಳ ಅಂಚುಗಳನ್ನು ವೆಕ್ಟರ್ ರೇಖೆಗಳಾಗಿ ಗುರುತಿಸಲಾಗುತ್ತದೆ. ಬಳಿಕ ಪ್ರತಿ ಆಕೃತಿಗೆ ಹೊಲಿಗೆಯನ್ನು ಆರಿಸಲಾಗುತ್ತದೆ.

- ಓಡುಹೊಲಿಗೆ: ತೆಳುವಾದ ಗೆರೆಗಳಿಗೆ.
- ಸ್ಯಾಟಿನ್ ಹೊಲಿಗೆ: ಅಕ್ಷರ ಮತ್ತು ಕಿರಿದಾದ ಪಟ್ಟಿಗಳಿಗೆ. ಅಗಲ ಹೆಚ್ಚಾದರೆ ದಾರ ಸಡಿಲವಾಗಿ ಸಿಕ್ಕಿಕೊಳ್ಳುತ್ತದೆ.
- ತುಂಬುಹೊಲಿಗೆ: ವಿಶಾಲವಾದ ಭಾಗಗಳಿಗೆ.

ಹೊಲಿಗೆಯ ದಿಕ್ಕು, ದಟ್ಟಣೆ ಹಾಗೂ ಕ್ರಮವನ್ನು ಬಟ್ಟೆಗೆ ತಕ್ಕಂತೆ ನಿಗದಿಪಡಿಸಲಾಗುತ್ತದೆ. ಬಟ್ಟೆಯನ್ನು ಹಿಡಿದಿಡಲು ಅಡಿಯಲ್ಲಿ ವಿರಳವಾದ ತಳಹೊಲಿಗೆಯನ್ನು ಹಾಕುತ್ತಾರೆ. ದಾರವು ತಾನು ಸಾಗುವ ದಿಕ್ಕಿನಲ್ಲಿ ಬಟ್ಟೆಯನ್ನು ಎಳೆಯುವುದರಿಂದ, ಅಡ್ಡಲಾಗಿ ಹೊಲಿದ ವೃತ್ತವು ಅಡ್ಡಲಾಗಿಯೇ ಕುಗ್ಗಿ ಅಂಡಾಕಾರವಾಗುತ್ತದೆ. ಇದನ್ನು ಸರಿದೂಗಿಸಲು ಆಕೃತಿಯನ್ನು ಆ ದಿಕ್ಕಿನಲ್ಲಿ ಮೊದಲೇ ತುಸು ಹಿಗ್ಗಿಸಲಾಗುತ್ತದೆ. ಹೀಗಾಗಿ ಪರದೆಯ ಮೇಲೆ ತಪ್ಪಾಗಿ ಕಾಣುವ ಆಕೃತಿಯೇ ಬಟ್ಟೆಯ ಮೇಲೆ ಸರಿಯಾಗಿ ಮೂಡುತ್ತದೆ.

ಕಡತ ಸ್ವರೂಪಗಳು

ತಾಜಿಮಾ ಯಂತ್ರಗಳ ಡಿಎಸ್‌ಟಿ, ಬ್ರದರ್‌ನ ಪಿಇಎಸ್, ಜಾನೋಮೆಯ ಜೆಇಎಫ್ ಮತ್ತು ಮೆಲ್ಕೊದ ಇಎಕ್ಸ್‌ಪಿ ಪ್ರಮುಖ ಸ್ವರೂಪಗಳು. ಡಿಎಸ್‌ಟಿಯಲ್ಲಿ 512 ಬೈಟ್‌ಗಳ ಶೀರ್ಷಿಕೆಯ ನಂತರ ಪ್ರತಿ ಆದೇಶವೂ 3 ಬೈಟ್‌ಗಳಲ್ಲಿರುತ್ತದೆ. ಅಳತೆಯ ಘಟಕ 0.1 ಮಿ.ಮೀ.; ಒಂದು ಆದೇಶದಲ್ಲಿ ಸೂಜಿಯ ಸ್ಥಾನವು ಅಡ್ಡಲಾಗಿ ಅಥವಾ ಉದ್ದಕ್ಕೆ ಗರಿಷ್ಠ 12.1 ಮಿ.ಮೀ. ಬದಲಾಗಬಲ್ಲದು. ಇದರಲ್ಲಿ ಬಣ್ಣ ಬದಲಿಸುವ ಸೂಚನೆಯಿರುತ್ತದೆಯೇ ಹೊರತು ಬಣ್ಣ ಯಾವುದೆಂಬ ಮಾಹಿತಿ ಇರುವುದಿಲ್ಲ. ಹೀಗಾಗಿ ದಾರದ ಬಣ್ಣಗಳ ಪಟ್ಟಿಯನ್ನು ಪ್ರತ್ಯೇಕವಾಗಿ ನೀಡಬೇಕಾಗುತ್ತದೆ. ಇಂಕ್‌ಸ್ಕೇಪ್‌ನ ವಿಸ್ತರಣೆಯಾದ ಇಂಕ್‌ಸ್ಟಿಚ್ ಎಂಬ ಮುಕ್ತ ತಂತ್ರಾಂಶವು ಇಂತಹ ಹಲವು ಸ್ವರೂಪಗಳಲ್ಲಿ ಕಡತವನ್ನು ಉಳಿಸಬಲ್ಲದು.

ಮಿತಿಗಳು

ಸ್ವಯಂಚಾಲಿತ ಪರಿವರ್ತನೆಯು ಸಮತಟ್ಟಾದ ಬಣ್ಣಗಳ ಸರಳ ಚಿತ್ರಗಳಿಗೆ ಒಗ್ಗುತ್ತದೆ. ಜೆಪೆಗ್‌ನ ಮಸುಕಾದ ಅಂಚುಗಳನ್ನು ತಂತ್ರಾಂಶವು ಪ್ರತ್ಯೇಕ ಬಣ್ಣಗಳೆಂದು ಭಾವಿಸಿ ಅನಗತ್ಯವಾದ ಚೂರು ಹೊಲಿಗೆಗಳನ್ನು ಸೃಷ್ಟಿಸಬಹುದು. ಸಿದ್ಧ ಹೊಲಿಗೆ ಕಡತವನ್ನು ಹೊಲಿಗೆಗಳ ಸಂಖ್ಯೆ ಬದಲಿಸದೆ ಕಿರಿದಾಗಿಸಿದರೆ ದಟ್ಟಣೆ ಹೆಚ್ಚಿ ಬಟ್ಟೆ ಸುಕ್ಕುಗಟ್ಟುತ್ತದೆ, ದಾರ ಹರಿಯುತ್ತದೆ. ಹಿಗ್ಗಿಸಿದರೆ ನಡುವೆ ಬಟ್ಟೆ ಕಾಣುತ್ತದೆ. ಕಿತ್ತು ತೆಗೆದರೂ ಸೂಜಿಯ ರಂಧ್ರಗಳು ಉಳಿಯಬಹುದಾದ್ದರಿಂದ, ಮೊದಲು ಅದೇ ಬಗೆಯ ತುಂಡುಬಟ್ಟೆಯ ಮೇಲೆ ಹೊಲಿದು ಪರೀಕ್ಷಿಸುವುದು ರೂಢಿ.

ಕೈಕಸೂತಿಯ ಯಂತ್ರರೂಪ

2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕರ್ನಾಟಕದ ಕಸೂತಿಯು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವಂಥದ್ದು. ಇದರ ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಒಂದೇ ದಾರ ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ವಿನ್ಯಾಸವನ್ನು ಮೂಡಿಸುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲೆ ಸೂಜಿಯ ದಾರವೂ ಕೆಳಗೆ ಬಾಬಿನ್ ದಾರವೂ ಇರುವುದರಿಂದ, ವಿನ್ಯಾಸವನ್ನು ಯಥಾವತ್ತಾಗಿ ಡಿಜಿಟೈಸ್ ಮಾಡಿದರೂ ಈ ಗುಣವು ಹಾಗೆಯೇ ಬರುವುದಿಲ್ಲ.